ಭಾವನ ಥಿಯೋರ್ಬೊ

ನಮ್ಮ ಭಾವನಿಗೆ ಎರಡು ಸಂಸಾರ ಎಂದರೆ ಗಾಬರಿಯಾಗಬೇಡಿ. ಎರಡನೆಯದು ಮರದ್ದು! ಆರಡಿ ಉದ್ದ, ಹದಿನಾಲ್ಕು ತಂತಿ, ಹೆಸರು ಥಿಯೋರ್ಬೊ. ವೀಣೆಯ ಕುತ್ತಿಗೆಯನ್ನು ಯಾರೋ ಸಿಟ್ಟಿನಲ್ಲಿ ಹಿಡಿದೆಳೆದಂತಿರುವ ಹಳೆಯ ಕಾಲದ ಯುರೋಪಿನ ವಾದ್ಯ. ಭಾವನೋ ಉಡುಪಿ ಕಡೆಯ ಮನುಷ್ಯ, ಕೆನಡಾದ ಸ್ಟೌಫ್‌ವಿಲ್ಲಿನಲ್ಲಿ ಔಷಧಿ ಅಂಗಡಿಯ ಕೆಲಸ. ಇದಕ್ಕೆ ಹೇಗೆ ಮರುಳಾದರೋ! ಮನೆಯಲ್ಲಿ ಆಗಲೇ ಇದೇ ಜಾತಿಯ ಎರಡು ಸಣ್ಣ ವಾದ್ಯಗಳು, ಲ್ಯೂಟುಗಳು, ಇದ್ದವು. ಹಾಡುವವರ ಜೊತೆ ನುಡಿಸಲು ಅವುಗಳ ಮಂದ್ರ ಸಾಲದಂತೆ!

೨೦೧೬ರ ಚಳಿಗಾಲದಲ್ಲಿ ಅದು ಬಂತು. ಉದ್ದನೆಯ ಕಪ್ಪು ಪೆಟ್ಟಿಗೆಯನ್ನು ಇಬ್ಬರು ಹಿಮದಲ್ಲಿ ಹೊತ್ತು ತಂದು ಬಾಗಿಲಲ್ಲಿ ಇಳಿಸಿದರು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಪಂಜಾಬಿ ಆಂಟಿ ತಲೆಗೆ ದುಪಟ್ಟಾ ಹೊದ್ದು, ಕೈಯಲ್ಲಿ ದಾಲ್ ಹಿಡಿದು ಬಂದೇಬಿಟ್ಟರು.

"ಬೇಟೀ, ಕೌನ್ ಗಯಾ?" ಶವಪೆಟ್ಟಿಗೆಯೆಂದೇ ತಿಳಿದು, ಹೋದವರು ಯಾರೆಂದು ಕೇಳಿದರು.

"ಗಯಾ ನಹೀ ಆಂಟೀ, ಆಯಾ ಹೈ!" ಎಂದಳು ಅಕ್ಕ.

ಹೀಟರಿನ ಒಣ ಗಾಳಿಗೆ ಮರ ಬಿರುಕು ಬಿಡಬಾರದೆಂದು ವಾದ್ಯದ ಕೋಣೆಗೆ ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಬಂತು. "ನನ್ನ ತುಟಿ ಒಡೆದದ್ದು ಇವರಿಗೆ ಗೊತ್ತುಂಟಾ ಕೇಳು!" ಎಂದು ಅಕ್ಕ ನನಗೆ ಫೋನ್ ಮಾಡಿದಳು.

ಟೊರಾಂಟೊದ ಒಂದು ಚರ್ಚಿನಲ್ಲಿ ಭಾವನ ಕಚೇರಿ. ನಾನು ನನ್ನ ಮನೆಯಿರುವ ಎರಿನ್ ಮಿಲ್ಸ್‌ನಿಂದ ಮಂಜಿನಲ್ಲಿ ಡ್ರೈವ್ ಮಾಡಿಕೊಂಡು ಹೋದೆ. ಹಾಡುಗಾರ್ತಿ ಕೇಳಿಸಿದಳು, ಪಿಟೀಲು ಕೇಳಿಸಿತು. ಭಾವ?

"ಭಾವ, ನಿಮ್ಮದು ಒಂದೂ ಕೇಳ್ಲೇ ಇಲ್ಲ!"

"ಹಾಗಾದ್ರೆ ಚಂದ ಆಯ್ತು ಅಂತ ಲೆಕ್ಕ. ನಾವು ಹಾಡುವವಳ ಕಾಲಡಿಯ ನೆಲ ಮಾರಾಯ್ತಿ."

"ನೆಲ ನೋಡ್ಲಿಕ್ಕೆ ಟಿಕೆಟಾ?" ಎಂದಳು ಅಕ್ಕ.

ಇಂಥ ಅಕ್ಕನಿಗೆ ೨೦೧೮ರ ನವೆಂಬರಿನಲ್ಲಿ ಸ್ಟ್ರೋಕ್ ಆಯಿತು. ಬಲಗೈ ಬಿದ್ದುಹೋಯಿತು. ಮಾತು ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ "ಅದು... ಅದು..." ಎನ್ನುವುದರ ಮುಂದೆ ಏನೂ ಹೊರಡುತ್ತಿರಲಿಲ್ಲ, ಸಿಟ್ಟಿನಿಂದ ಅಳುತ್ತಿದ್ದಳು. ಭಾವ ಕಚೇರಿಗಳನ್ನು ಬಿಟ್ಟರು. ವಾದ್ಯ ಪೆಟ್ಟಿಗೆ ಸೇರಿತು. ಬೈಯುವವಳಿಲ್ಲದ ಮನೆ ಎಷ್ಟು ಭಯಂಕರ ಗೊತ್ತೇ? ನಾನು ಭಾನುವಾರ ಹೋದರೆ ಮೂವರೂ ಕಿಟಕಿಯಾಚೆಯ ಕೊಳಕು ಹಿಮ ನೋಡುತ್ತ ಕೂರುತ್ತಿದ್ದೆವು.

ಮಾರ್ಚಿನ ಒಂದು ಮಧ್ಯಾಹ್ನ ಅಕ್ಕ ಇದ್ದಕ್ಕಿದ್ದಂತೆ ಗುನುಗಿದಳು. ನಮ್ಮಮ್ಮ ತೊಟ್ಟಿಲು ತೂಗುತ್ತ ಹೇಳುತ್ತಿದ್ದ ಹಾಡು! ಮಾತು ಬಾರದವಳ ಬಾಯಲ್ಲಿ ಹಾಡಿನ ಅರ್ಧ ಸಾಲು, ಪದಗಳ ಸಮೇತ! ಭಾವ ಎದ್ದು ಪೆಟ್ಟಿಗೆ ತೆರೆದರು. ತಂತಿಗಳನ್ನು ಅವಳ ಶ್ರುತಿಗೆ ಇಳಿಸಿ ಮೆಲ್ಲಗೆ ಮೀಟಿದರು. ಅಕ್ಕನಿಗೆ ತಾಳವಿಲ್ಲ. ನಡುವೆ ನಿಲ್ಲುತ್ತಾಳೆ, ಭಾವನೂ ನಿಲ್ಲುತ್ತಾರೆ. ಶ್ರುತಿ ಜಾರುತ್ತದೆ, ಅವರೂ ಜಾರುತ್ತಾರೆ. ಅರ್ಧ ಸಾಲು ಮುಗಿಯುತ್ತದೆ, ಮುಂದಿನದು ಬರುವುದಿಲ್ಲ. ಮತ್ತೆ ಮೊದಲಿನಿಂದ. ಮತ್ತೆ. ಮತ್ತೆ.

ನನಗೆ ತಡೆಯಲಾಗಲಿಲ್ಲ. "ಭಾವ, ಅವಳು ಅಲ್ಲಿಗೇ ವಾಪಸ್ ಹೋಗ್ತಿದ್ದಾಳೆ."

ಅವರು ಅಕ್ಕನ ತುಟಿಯಿಂದ ಕಣ್ಣು ತೆಗೆಯಲಿಲ್ಲ.

"ಹೋಗ್ಲಿ ಬಿಡು. ನನಗಾದ್ರೂ ಬೇರೆ ಎಲ್ಲಿಗೆ ಹೋಗ್ಲಿಕ್ಕುಂಟು?"