ತೆರಿಗೆ ತಗೊಳ್ಳಿ, ಸೆಬೊ

ಕ್ಯಾರಿಸೀಮಾ: ತಗೊಳ್ಳಿ ಅಂದ್ರೆ ತಗೊಳ್ಳಿ.

ಬಿಟರಿಹೊ: ಬೇಡ ಅಂದ್ರೆ ಬೇಡ, ನ್ಯಾಬೊ.

ಕ್ಯಾರಿಸೀಮಾ: ಹೋಟೆಲ್ ತೆರಿಗೆ ವಸೂಲಿ ಮಾಡೋರು ತಾನೆ ನೀವು?

ಬಿಟರಿಹೊ: ಹೌದು.

ಕ್ಯಾರಿಸೀಮಾ: ಮತ್ತೆ ವಸೂಲಿ ಮಾಡಿ, ಸೆಬೊ.

ಕ್ಯಾರಿಸೀಮಾಳ ಹೋಟೆಲಿನ ಪಡಸಾಲೆಯಲ್ಲಿ ಬಿಟರಿಹೊ ದುಡ್ಡಿನ ಲಕೋಟೆಯನ್ನು ಮೇಜಿನ ಮೇಲೆ ಅವಳ ಕಡೆಗೆ ತಳ್ಳಿದ. ‘ಅಮ್ಮಾವ್ರೇ’ ಎಂಬಂತೆ ಅವನು ‘ನ್ಯಾಬೊ’ ಎಂದರೆ, ಅವಳು ‘ಸ್ವಾಮಿ’ ಎಂಬಂತೆ ‘ಸೆಬೊ, ಸೆಬೊ’ ಎಂದು ಮರ್ಯಾದೆಯಿಂದಲೇ ಕರೆಯುತ್ತ ಅದನ್ನು ಮತ್ತೆ ಅವನ ಕಡೆಗೆ ತಳ್ಳಿದಳು. ಬುನ್ಯೋನಿ ಸರೋವರದ ದಂಡೆಯ ಹೋಟೆಲುಗಳಿಂದ ಪಟ್ಟಣ ಸಭೆಗೆ ತೆರಿಗೆ ಎತ್ತುವ ಕೆಲಸಕ್ಕೆ ಸೇರಿದ ಮೇಲೆ ಅವನು ಎಲ್ಲ ಬಗೆಯ ಮಾಲೀಕರನ್ನೂ ಕಂಡಿದ್ದ. ಹಿಂಬಾಗಿಲಿಂದ ಓಡಿದವರಿದ್ದರು, ಅವನ ಮುಖ ಕಂಡೊಡನೆ ಕಿವುಡಾದವರಿದ್ದರು, ತಾನು ಸತ್ತಿರುವುದಾಗಿ ತಾನೇ ಒಳಗಿಂದ ಕೂಗಿ ಹೇಳಿದವನೂ ಒಬ್ಬನಿದ್ದ. ತೆರಿಗೆ ಕೊಡುತ್ತೇನೆಂದು ಅವನನ್ನೇ ಅಟ್ಟಿಸಿಕೊಂಡು ಬಂದವಳು ಇವಳೊಬ್ಬಳೇ. ಬೆಳಿಗ್ಗೆ ಕಬಾಲೆ ಪೇಟೆಯಲ್ಲಿ ಅವಳನ್ನು ದೂರದಿಂದ ಕಂಡು ಅವನು ಮಾಂಸದ ಅಂಗಡಿಯೊಳಗೆ ನುಸುಳಿದ್ದ. ಅವಳು ಅಲ್ಲಿಗೂ ಬಂದು, ಅವನದೇ ಬೈಕಿನ ಹಿಂದೆ ಹತ್ತಿ ಕೂತು, ‘ನಡೀರಿ’ ಎಂದಿದ್ದಳು.

ಕ್ಯಾರಿಸೀಮಾ: ಮಾರ್ಚಿಂದ ಈಚೆಗೆ ನನ್ನ ಹೋಟೆಲಲ್ಲಿ ಒಂದು ಕೋಣೆ ಖಾಲಿ ಇಲ್ಲ. ಎಲ್ಲಾ ಕೋಣೆಗೂ, ಎಲ್ಲಾ ರಾತ್ರಿಗೂ ತೆರಿಗೆ ಹಾಕಿ ರಸೀದಿ ಕೊಡಿ.

ಬಿಟರಿಹೊ: ಹೋದ ಸಲ ಬಂದಾಗ, ಅತಿಥಿಗಳ ಮುಖ ಹೇಗಿರುತ್ತೆ ಅನ್ನೋದೇ ಮರೆತುಹೋಗಿದೆ ಅಂತ ಅತ್ತಿದ್ರಿ.

ಕ್ಯಾರಿಸೀಮಾ: ಅದು ಕೊರೊನಾ ಕಾಲ. ಇದು ಚೇತರಿಕೆ ಕಾಲ.

ಬಿಟರಿಹೊ: ಮತ್ತೆ ಒಂದು ಕೆಮ್ಮೂ ಕೇಳಿಸ್ತಿಲ್ಲ?

ಕ್ಯಾರಿಸೀಮಾ: ಕೆಮ್ಮೋ ಅತಿಥಿಗಳನ್ನ ಈಗ ಯಾರು ಸೇರಿಸ್ಕೊಳ್ತಾರೆ?

ಬಿಟರಿಹೊ: ನಾಲ್ಕನೇ ಕೋಣೇಲಿ ಯಾರಿದ್ದಾರೆ?

ಕ್ಯಾರಿಸೀಮಾ: ಜರ್ಮನ್ನರು.

ಅಷ್ಟರಲ್ಲಿ ಅವಳ ಗಂಡ ಎರಿಸಾ ಒಂದು ಖಾಲಿ ಗೋಣಿಚೀಲ ಝಾಡಿಸುತ್ತ ಪಡಸಾಲೆಗೆ ಬಂದ. ಸುಳ್ಳು ಹೇಳಲು ಬಾರದವನೆಂದು ಊರಲ್ಲಿ ಅವನಿಗೆ ಹೆಸರಿತ್ತು. ಹೆಂಡತಿಯ ಮಟ್ಟಿಗೆ ಅದು ಒಂದು ಕಾಯಿಲೆ.

ಎರಿಸಾ: ಏನೇ, ನಾಲ್ಕನೇ ಕೋಣೆಯವು ಮೊಳಕೆ ಒಡೀತಿವೆ ಕಣೇ. ಇವತ್ತೇ ಸಂತೆಗೆ ಹಾಕಿಬಿಡ್ಲಾ?

ಬಿಟರಿಹೊ: ಜರ್ಮನ್ನರನ್ನಾ?

ಎರಿಸಾ: ಯಾವ ಜರ್ಮನ್ನರು? ಆಲೂಗಡ್ಡೆ.

ಕ್ಯಾರಿಸೀಮಾ: ಅವರಿಗೆ ಆಲೂಗಡ್ಡೆ ಅಂದ್ರೆ ಪ್ರಾಣ, ಸೆಬೊ. ಕೋಣೇಲೇ ತರಿಸಿ ಇಟ್ಕೊಂಡಿದ್ದಾರೆ.

ಬಿಟರಿಹೊ: ಐದನೇ ಕೋಣೆ?

ಕ್ಯಾರಿಸೀಮಾ: ಹೊಸದಾಗಿ ಮದುವೆ ಆದ ಜೋಡಿ. ಬಾಗಿಲು ತಟ್ಟೋಕೆ ಹೋಗ್ಬೇಡಿ, ಚೆನ್ನಾಗಿರಲ್ಲ.

ಎರಿಸಾ: ಹೌದು, ತಟ್ಟಬೇಡಿ. ಆ ಕೋಳಿಗಳಲ್ಲೊಂದು ಕಾವಿಗೆ ಕೂತಿದೆ.

ಕ್ಯಾರಿಸೀಮಾ: ನೀವು ಒಳಗೆ ಹೋಗ್ತೀರಾ ಇಲ್ವಾ?

ಎರಿಸಾ ಹೋಗಲಿಲ್ಲ. ಕಂಬಕ್ಕೆ ಒರಗಿ ನಿಂತ. ಕ್ಯಾರಿಸೀಮಾ ಲಕೋಟೆಯ ಮೇಲೆ ಅಂಗೈ ಊರಿ ಮುಂದಕ್ಕೆ ಬಾಗಿದಳು. ಮತ್ತೆ ಮಾತಾಡಿದಾಗ ದನಿ ತಗ್ಗಿತ್ತು.

ಕ್ಯಾರಿಸೀಮಾ: ಸರಿ, ನಿಮ್ಮ ಹತ್ರ ಮುಚ್ಚುಮರೆ ಯಾಕೆ. ಹೋಟೆಲ್ ಮಾರ್ತಿದ್ದೀನಿ. ಎಂಬರಾರಾ ಊರಿನ ಒಬ್ಬ ಸಾಹುಕಾರ ತಗೋತಾನೆ. ಆದ್ರೆ ಬಾಯಿಮಾತು ನಂಬಲ್ಲ, ತೆರಿಗೆ ರಸೀದಿ ತೋರಿಸು ಅಂತಾನೆ. ಅತಿಥಿ ಇಲ್ದೆ ತೆರಿಗೆ ಕಟ್ಟೋ ಹುಚ್ಚರು ಈ ದೇಶದಲ್ಲಿ ಹುಟ್ಟೇ ಇಲ್ವಂತೆ.

ಬಿಟರಿಹೊ: ಅದೇನೋ ಸರಿ.

ಕ್ಯಾರಿಸೀಮಾ: ಅದಕ್ಕೇ ನಾನು ಹುಟ್ಟಿದ್ದೀನಿ. ಹಸು ಮಾರಿ ಈ ದುಡ್ಡು ತಂದಿದ್ದೀನಿ. ಅವನ ಕಡೆಯೋರು ಈ ವಾರವೇ ನೋಡೋಕೆ ಬರ್ತಾರೆ.

ಬಿಟರಿಹೊ: ನಿಮ್ಮ ಕಷ್ಟ ನಂಗೆ ಅರ್ಥ ಆಗುತ್ತೆ, ನ್ಯಾಬೊ. ನಂದೂ ಸ್ವಲ್ಪ ಕೇಳಿ. ಇಲ್ಲಿಯ ಪ್ರವಾಸೋದ್ಯಮ ಇನ್ನೂ ಹಾಸಿಗೆ ಹಿಡಿದು ಮಲಗಿದೆ, ಚೇತರಿಕೆ ನಿಧಿ ಕೊಡಿ ಅಂತ ನಮ್ಮ ಅಧ್ಯಕ್ಷರು ಮೇಲಕ್ಕೆ ಬರೆದಿದ್ದಾರೆ. ನೀವು ತೆರಿಗೆ ಕಟ್ಟಿದ್ರೆ ರೋಗಿ ಎದ್ದು ಕೂತ ಹಾಗಾಗುತ್ತೆ. ರೋಗಿ ಎದ್ರೆ ಔಷಧಿ ದುಡ್ಡು ನಿಲ್ಲುತ್ತೆ.

ಕ್ಯಾರಿಸೀಮಾ: ಆ ಔಷಧೀನ ರೋಗಿಗೆ ಯಾವತ್ತು ಕುಡಿಸಿದ್ರಿ?

ಬಿಟರಿಹೊ: ಹೋದ ವರ್ಷ ವಿಚಾರಗೋಷ್ಠಿ ಮಾಡಿದ್ವಲ್ಲ. ‘ಬುನ್ಯೋನಿಗೆ ಅತಿಥಿಗಳು ಯಾಕೆ ಬರ್ತಿಲ್ಲ’ ಅಂತ.

ಕ್ಯಾರಿಸೀಮಾ: ಎಲ್ಲಿ ಮಾಡಿದ್ರಿ?

ಬಿಟರಿಹೊ: ದೂರದ ಎಂಟೆಬ್ಬೇಲಿ. ಒಳ್ಳೇ ಹೋಟೆಲು.

ಕ್ಯಾರಿಸೀಮಾ: ಯಾರ್ಯಾರು ಹೋಗಿದ್ರಿ?

ಬಿಟರಿಹೊ: ಇಡೀ ಪಟ್ಟಣ ಸಭೆ. ಕೆಲವರು ಮನೆಯವರನ್ನೂ ಕರ್ಕೊಂಡು ಬಂದಿದ್ರು.

ಕ್ಯಾರಿಸೀಮಾ: ಅದನ್ನೇ ನನ್ನ ಹೋಟೆಲಲ್ಲಿ ಮಾಡಿದ್ರೆ ಅತಿಥಿಗಳು ಬಂದ ಹಾಗಾಗ್ತಿತ್ತಲ್ಲ, ಸೆಬೊ?

ಬಿಟರಿಹೊ: ಆಗ ಗೋಷ್ಠಿಗೆ ವಿಷಯವೇ ಇರ್ತಿರಲಿಲ್ಲವಲ್ಲ, ನ್ಯಾಬೊ.

ಹೇಳಿದ ಮೇಲೆ ಬಿಟರಿಹೊನಿಗೇ ಆ ಮಾತು ಸರಿಯೆನಿಸಲಿಲ್ಲ. ಆದರೆ ಅವನು ಆ ನಿಧಿ ನೋಡಿಕೊಳ್ಳುವ ಚೇತರಿಕೆ ಸಮಿತಿಯ ಕಾರ್ಯದರ್ಶಿಯೂ ಆಗಿದ್ದ. ಬೈಕಿನ ಪೆಟ್ರೋಲು ಬರುತ್ತಿದ್ದುದು ಆ ಸಮಿತಿಯಿಂದ. ಊರು ಚೇತರಿಸಿಕೊಂಡ ದಿನ ಅವನು ನಡೆದುಕೊಂಡು ಹೋಗಬೇಕಾಗಿತ್ತು.

ಕ್ಯಾರಿಸೀಮಾ: ಅಂದ್ರೆ ನಾನು ಸಾಯಬೇಕು ನಿಮಗೆ.

ಬಿಟರಿಹೊ: ಛೆ, ಹಾಗಲ್ಲ. ಸತ್ರೆ ನಿಧಿ ಬರಲ್ಲ. ಸಾಯೋ ಹಾಗಿದ್ರೆ ಸಾಕು. ಸಚಿವಾಲಯದಿಂದ ಪರಿಶೀಲನೆಗೆ ಬರ್ತಾರೆ, ಇವತ್ತೋ ನಾಳೆಯೋ. ಅಲ್ಲೀತನಕ ಸ್ವಲ್ಪ ನರಳ್ತಾ ಇರಿ.

ಹೊರಗೆ ವ್ಯಾನೊಂದು ಬಂದು ನಿಂತಿತು. ಬಿಳಿ ಬಣ್ಣದ, ದೂಳು ಮೆತ್ತಿದ ದೊಡ್ಡ ವ್ಯಾನು. ಕ್ಯಾರಿಸೀಮಾ ಉಡುಪಿನ ಸುಕ್ಕು ಸರಿಮಾಡಿಕೊಂಡು ಎದ್ದಳು. ಸಾಹುಕಾರನ ಕಡೆಯವರೇ ಬಂದರೆಂದು ಅವಳಿಗೆ ಖಾತ್ರಿಯಾಗಿತ್ತು. ಸಚಿವಾಲಯದವರೇ ಎಂದು ಬಿಟರಿಹೊನಿಗೂ ಅಷ್ಟೇ ಖಾತ್ರಿ. ಇಬ್ಬರೂ ಒಟ್ಟಿಗೆ ಬಾಗಿಲಿಗೆ ನುಗ್ಗಿದರು. ಎರಿಸಾ ಪಕ್ಕದಿಂದ ನುಸುಳಿ ಡ್ರೈವರನ್ನು ಮಾತಾಡಿಸಲು ಹೋದ. ದಪ್ಪ ಕನ್ನಡಕದ ಹಿರಿಯ ಹೆಂಗಸೊಬ್ಬಳು ಸೊಂಟ ಹಿಡಿದುಕೊಂಡು ಇಳಿದಳು.

ಹಿರಿಯಾಕೆ: ಚೆನ್ನಾಗಿದ್ದೀರಾ? ಕೋಣೆಗಳು ಹೇಗಿವೆ ನೋಡೋಣ ಅಂತ ಬಂದ್ವಿ.

ಕ್ಯಾರಿಸೀಮಾ: ತೋರಿಸೋಕೆ ಒಂದಾದ್ರೂ ಖಾಲಿ ಇರ್ಬೇಕಲ್ಲ, ತಾಯಿ. ಕ್ರಿಸ್ಮಸ್ ತನಕ ತುಂಬಿಹೋಗಿದೆ.

ಬಿಟರಿಹೊ: ಎಲ್ಲಾ ಖಾಲಿ, ತಾಯಿ. ಪಾಪ, ಮಾನಕ್ಕೆ ಅಂಜಿ ಹಾಗಂತಾರೆ. ಇಲ್ಲಿ ಕೂತು ನೊಣ ಹೊಡೀತಿದ್ದಾರೆ.

ಕ್ಯಾರಿಸೀಮಾ: ನೊಣ ಹೊಡೆಯೋಕೆ ಪುರುಸೊತ್ತೆಲ್ಲಿದೆ ನಂಗೆ? ನಿನ್ನೆ ತಾನೆ ಮೂರು ಜನರನ್ನ ಜಾಗ ಇಲ್ಲ ಅಂತ ವಾಪಸ್ ಕಳಿಸಿದೆ.

ಬಿಟರಿಹೊ: ಅವರು ಬ್ಯಾಂಕಿನೋರು.

ಹಿರಿಯಾಕೆ: ಹೋಗ್ಲಿ, ಊಟ ಸಿಗುತ್ತಾ? ಇಲ್ಲಿಯ ಸೀಗಡಿ ತುಂಬಾ ರುಚಿ ಅಂತ ಕೇಳಿದ್ವಿ.

ಕ್ಯಾರಿಸೀಮಾ: ನಮ್ಮ ಅಡುಗೆಯವನಿಗೆ ಉಸಿರಾಡೋಕೂ ಬಿಡುವಿಲ್ಲ.

ಬಿಟರಿಹೊ: ಅವನು ಕೆಲಸ ಇಲ್ದೆ ಊರೇ ಬಿಟ್ಟಿದ್ದಾನೆ.

ಹಿರಿಯಾಕೆ ಕನ್ನಡಕ ತೆಗೆದು ಒರೆಸಿಕೊಂಡಳು. ಇಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದಳು.

ಹಿರಿಯಾಕೆ: ಒಬ್ರು ತುಂಬಿ ತುಳುಕ್ತಿದೆ ಅಂತೀರಿ, ಒಬ್ರು ಏನೂ ಇಲ್ಲ ಅಂತೀರಿ. ಬಾಗಿಲಿಗೆ ಬಂದೋರಿಗೆ ಮಾತ್ರ ಎರಡರಲ್ಲೂ ಏನೂ ಸಿಗಲ್ಲ. ಇದೇನು ಹೋಟೆಲೋ, ಸರ್ಕಾರಾನೋ?

ಉತ್ತರಕ್ಕೆ ಕಾಯದೆ ಆಕೆ ವ್ಯಾನು ಹತ್ತಿದಳು. ವ್ಯಾನು ತಿರುಗಿ ಇಳಿಜಾರಿನಲ್ಲಿ ಮರೆಯಾಯಿತು.

ಕ್ಯಾರಿಸೀಮಾ: ನನ್ನ ಮಾರಾಟದ ಮೇಲೆ ಮಣ್ಣು ಹಾಕಿದ್ರಿ.

ಬಿಟರಿಹೊ: ನೀವು ನಮ್ಮ ನಿಧೀನೇ ಮುಳುಗಿಸಿದ್ರಿ. ಸಚಿವಾಲಯದೋರ ಮುಂದೆ ತುಂಬಿದೆ ಅಂತಾರಾ ಯಾರಾದ್ರೂ?

ಕ್ಯಾರಿಸೀಮಾ: ಯಾವ ಸಚಿವಾಲಯ? ಅವರು ಸಾಹುಕಾರನ ಕಡೆಯೋರು.

ಎರಿಸಾ: ಎರಡೂ ಅಲ್ಲ. ಕಿಸುಮು ಊರಿನ ನರ್ಸುಗಳಂತೆ. ಕೊರೊನಾದಲ್ಲಿ ಹಗಲೂ ರಾತ್ರಿ ಆಸ್ಪತ್ರೇಲೇ ಇದ್ರಂತೆ. ಈಗ ನಿವೃತ್ತಿ ಆಗಿದೆ. ಒಂದು ವಾರ ಏನೂ ಮಾಡ್ದೆ ನೀರು ನೋಡ್ತಾ ಕೂರ್ಬೇಕು ಅಂತ ಹೊರಟು ಬಂದಿದ್ದಾರೆ. ಇಡೀ ಹೋಟೆಲ್ ಬೇಕಿತ್ತು ಅಂದ ಡ್ರೈವರು.

ಕ್ಯಾರಿಸೀಮಾ: ಬರೀ ಅತಿಥಿಗಳಾ?

ಎರಿಸಾ: ಬರೀ ಅತಿಥಿಗಳು.

ಕ್ಯಾರಿಸೀಮಾ ಮೆಟ್ಟಿಲ ಮೇಲೆ ಕುಸಿದು ಕೂತಳು.

ಕ್ಯಾರಿಸೀಮಾ: ಎರಡು ವರ್ಷ ಇದೇ ಮೆಟ್ಟಿಲ ಮೇಲೆ ಕೂತು ದಾರಿ ಕಾದೆ. ಬಂದಾಗ ಗುರುತೇ ಸಿಗಲಿಲ್ಲ.

ಬಿಟರಿಹೊ ಬೈಕಿನ ಹತ್ತಿರಕ್ಕೆ ಓಡಿದ. ಸಮಿತಿ, ನಿಧಿ ಎಲ್ಲ ಅವನಿಗೆ ಆ ಕ್ಷಣ ಮರೆತುಹೋಗಿತ್ತು.

ಬಿಟರಿಹೊ: ವ್ಯಾನಿನ ಹಿಂದೆ ಹೋಗಿ ಕರ್ಕೊಂಡು ಬರ್ತೀನಿ. ಕಾಲು ಹಿಡೀತೀನಿ ಬೇಕಾದ್ರೆ.

ಎರಿಸಾ: ಪೆಟ್ರೋಲು ದಂಡ. ಅಲ್ಲಿ ನೋಡಿ.

ಸರೋವರದ ತಿರುವಿನಾಚೆ, ಹತ್ತಿರದ ದಂಡೆಯಲ್ಲಿ ಬಿಳಿ ವ್ಯಾನು ಕಬಗಾಂಬೆ ಎಂಬ ಇನ್ನೊಬ್ಬ ಮಾಲೀಕನ ಹೋಟೆಲಿನ ಗೇಟಿನೊಳಗೆ ಹೋಗುತ್ತಿತ್ತು. ಅಲ್ಲಿಂದ ಆಗಲೇ ಯಾರೋ ಓಡಿಬಂದು ಸಾಮಾನು ಇಳಿಸತೊಡಗಿದ್ದರು. ಕ್ಯಾರಿಸೀಮಾ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ಲಕೋಟೆಯನ್ನು ತಂದು, ಮಡಿಸಿ ಗಂಡನ ಜೇಬಿಗೆ ತುರುಕಿದಳು.

ಕ್ಯಾರಿಸೀಮಾ: ಹೋಗಿ ಸೆಬೊ, ಕಬಗಾಂಬೆ ಹತ್ರಾನಾದ್ರೂ ತೆರಿಗೆ ತಗೊಳ್ಳಿ.

ಬಿಟರಿಹೊ: ಅವರು ಕೊಡಲ್ಲ, ನ್ಯಾಬೊ.

ಕ್ಯಾರಿಸೀಮಾ: ಯಾಕೆ?

ಬಿಟರಿಹೊ: ಅವರ ಹತ್ರ ನಿಜವಾಗ್ಲೂ ಅತಿಥಿಗಳಿದ್ದಾರಲ್ಲ.