ಟ್ಯೂಬ್ ಹತ್ತಿ ಹೋದ ಸಫಾರಿ

ಮನೆಯಲ್ಲೊಬ್ಬರು ಕಾಡಿನ ಹುಚ್ಚು ಹತ್ತಿಸಿಕೊಂಡರೆ ಮಿಕ್ಕವರು ಸುಮ್ಮನೆ ಸೋಫಾದ ಮೇಲೆ ಕೂತಿರಲು ಆಗುತ್ತದೆಯೇ? ಲಂಡನ್ನಿನ ರೇನರ್ಸ್ ಲೇನಿನ ನಮ್ಮ ಮನೆಯಲ್ಲಿ ಈ ವರ್ಷ ವಾರಕ್ಕೊಂದಾದರೂ ಇಂಥದ್ದು ನಡೆದೇ ನಡೆಯಿತು. ಒಂದನ್ನು ನೆನೆಸಿಕೊಂಡು ನಗುವಷ್ಟರಲ್ಲಿ ಇನ್ನೊಂದು ಬಾಗಿಲು ತಟ್ಟುತ್ತಿತ್ತು.

ಆನೆಗೆ ಸಾರಿ

ನನ್ನ ಮೊಮ್ಮಗಳು ಅಕ್ಸ್‌ಬ್ರಿಡ್ಜಿನಲ್ಲಿ ಒಂದು ಆಫೀಸಿನಲ್ಲಿದ್ದಳು. ಇದ್ದಕ್ಕಿದ್ದ ಹಾಗೆ ಆ ಕೆಲಸ ಬಿಟ್ಟು, ಸಫಾರಿ ಗೈಡ್ ಆಗುತ್ತೇನೆ ಅಂತ ಆಫ್ರಿಕಾಕ್ಕೆ ಹೋದಳು. ಹೆಜ್ಜೆ ಗುರುತು ನೋಡುವುದು, ಹಕ್ಕಿ ಕೂಗು ಗುರುತಿಸುವುದು, ಜೀಪಿನ ಚಕ್ರ ಬಿಚ್ಚುವುದು, ಎಲ್ಲ ಕಲಿತಳು. ಬರೆಯುವ ಪರೀಕ್ಷೆಯಲ್ಲಿ ಕ್ಲಾಸಿಗೇ ಮೊದಲು. ಜನರನ್ನು ಜೀಪಿನಲ್ಲಿ ಕರೆದುಕೊಂಡು ಹೋಗುವ ಪರೀಕ್ಷೆಯಲ್ಲಿ ಮಾತ್ರ ಫೇಲು.

ಆದದ್ದು ಇಷ್ಟು. ಆನೆ ಎದುರಿಗೇ ನಿಂತಿದೆ. ಪ್ರವಾಸಿಯೊಬ್ಬ ಫೋಟೋ ತೆಗೆಯಲು ಜೀಪಿನಲ್ಲಿ ಎದ್ದು ನಿಂತುಬಿಟ್ಟ. ನಮ್ಮ ಹುಡುಗಿಯ ದನಿ ಮೊದಲಿಂದಲೂ ಮೆಲು. "ಸಾರಿ, ದಯವಿಟ್ಟು ಕೂತುಕೊಳ್ತೀರಾ?" ಅಂದಳು. ಅವನು ಕೂರಲಿಲ್ಲ. ಆನೆ ಕಿವಿ ಅಗಲಿಸಿತು. ಇವಳು ಇನ್ನೂ ಮೆತ್ತಗೆ ಇನ್ನೊಂದು ಸಲ ಸಾರಿ ಅಂದಳು.

ಪರೀಕ್ಷೆ ಮಾಡುವ ಮೇಷ್ಟರು ಹಾಳೆಯಲ್ಲಿ ಬರೆದರಂತೆ: "ಸಾರಿ ಕೇಳಿದ್ದು ಪ್ರವಾಸಿಗೋ ಆನೆಗೋ ತಿಳಿಯಲಿಲ್ಲ. ಕೇಳಿಸಿಕೊಂಡದ್ದು ಆನೆ ಒಂದೇ."

ಸಾಲು

ಹುಡುಗಿ ಮನೆಗೆ ವಾಪಸ್ ಬಂದಳು. ಆ ಮೇಷ್ಟರೂ ಬೇಸಿಗೆಗೆ ಲಂಡನ್ನಿನಲ್ಲಿರುವ ತಮ್ಮ ಅಕ್ಕನ ಮನೆಗೆ ಬರುವವರಿದ್ದರು. "ಪ್ರಾಣಿ ವಿಷಯ ನಿನಗೆ ಗೊತ್ತು. ಜನರನ್ನು ನಡೆಸುವುದೊಂದನ್ನು ಅಲ್ಲೇ ಜಿಂಕೆ ಪಾರ್ಕಿನಲ್ಲಿ ತೋರಿಸು, ಪಾಸಾದರೆ ಕ್ಯಾಂಪಿನಲ್ಲಿ ಕೆಲಸ ಕೊಡಿಸುತ್ತೇನೆ" ಅಂದಿದ್ದರು. ನನ್ನ ಸೊಸೆ ಅವತ್ತೇ ಅಕ್ಸ್‌ಬ್ರಿಡ್ಜಿಗೆ ಫೋನ್ ಮಾಡಿ ಹಳೇ ಕುರ್ಚಿ ಖಾಲಿ ಇದೆಯಾ ಅಂತ ವಿಚಾರಿಸಿಬಿಟ್ಟಳು. ಇದ್ದೇ ಇತ್ತು. "ಈ ಸಲ ಫೇಲಾದರೆ ಸೋಮವಾರದಿಂದ ಆಫೀಸು" ಅಂತ ತೀರ್ಮಾನವೂ ಆಯಿತು. ಹುಡುಗಿ ಅವತ್ತು ಊಟ ಮಾಡಲಿಲ್ಲ.

"ಅಳಬೇಡ ಕಣೇ ಪುಟ್ಟಿ, ನಿನಗೆ ನಡೆಸಲು ಜನ ತಾನೇ ಬೇಕು? ನಾವಿದ್ದೀವಿ" ಅಂದೆ. ನಾವು ಅಂದರೆ ನಾನು, ಪಕ್ಕದ ಮನೆ ಹುಬ್ಬಳ್ಳಿ ಅಕ್ಕ, ಎದುರು ಮನೆ ಮಂಗಳೂರು ಬಾಯಮ್ಮ.

ಮೊದಲ ಪಾಠಕ್ಕೆ ಟ್ಯೂಬ್ ರೈಲು ಹತ್ತಿ, ನಮ್ಮ ದೇಶದವರೇ ತುಂಬಿರುವ ವೆಂಬ್ಲಿಗೆ ಹೋದೆವು. ಕಾಡಿನಲ್ಲಿ ನಡೆಯುವಾಗ ಒಬ್ಬರ ಹಿಂದೆ ಒಬ್ಬರು, ಮಾತಿಲ್ಲ, ಗೈಡು ಮುಷ್ಟಿ ಎತ್ತಿದರೆ ಇದ್ದಲ್ಲೇ ಕಲ್ಲಿನ ಹಾಗೆ ನಿಲ್ಲಬೇಕು. ಸೀರೆ ಅಂಗಡಿ ದಾಟಿ ಮಿಠಾಯಿ ಅಂಗಡಿ ಮುಂದೆ ಬಂದಾಗ ಹುಡುಗಿ ಮುಷ್ಟಿ ಎತ್ತಿದಳು. ನಾವು ಮೂವರೂ ನಿಂತೆವು. ಸಂತೆಯಂಥ ರಸ್ತೆ. ಹಿಂದೆ ಬಂದ ಹೆಂಗಸೊಬ್ಬಳೂ ನಿಂತಳು, ಅವಳ ಹಿಂದೆ ಇನ್ನೊಬ್ಬರು.

"ಈ ಕ್ಯೂ ಯಾತಕ್ಕೆ?" ಅಂತ ಯಾರೋ ಕೇಳಿದರು. ಹುಬ್ಬಳ್ಳಿ ಅಕ್ಕನಿಗೆ ಮಾತಾಡಬಾರದೆಂಬುದು ಮರೆತೇ ಹೋಯಿತು. ಹಿಂದಿಯಲ್ಲಿ "ಗೊತ್ತಿಲ್ಲ, ನಿಂತಿರಿ" ಅಂದು, ನನ್ನ ಕಡೆ ತಿರುಗಿ, "ಇವರಿಗೂ ಏನರ ಸಿಗಲಿ ಬಿಡ್ರಿ" ಅಂದಳು.

ಮೊಮ್ಮಗಳು ತಿರುಗಿ ನೋಡುವಷ್ಟರಲ್ಲಿ ಮೂವರು ಹದಿನಾಲ್ಕಾಗಿದ್ದೆವು. ಕೊನೆಯಲ್ಲಿದ್ದ ಅಜ್ಜಿ ಪ್ರಸಾದಕ್ಕೆ ಡಬ್ಬಿ ತೆಗೆದು ಮುಚ್ಚಳವನ್ನೂ ಬಿಚ್ಚಿಕೊಂಡಿದ್ದರು.

ನರಿಯ ಸಾಕ್ಷಿ

ಹಿತ್ತಲಿಗೆ ನರಿ ಬರುವುದು ಲಂಡನ್ನಿನಲ್ಲಿ ಹೊಸದಲ್ಲ. ಅದು ಬಿಟ್ಟುಹೋದ ಹಿಕ್ಕೆಯನ್ನು ಹುಡುಗಿ ಕಡ್ಡಿಯಲ್ಲಿ ಬಿಡಿಸಿ ನೋಡುತ್ತಿದ್ದಳು. ಪ್ರಾಣಿ ಏನು ತಿಂದಿದೆ, ಎಲ್ಲಿಂದ ಬಂದಿದೆ ಅಂತ ಅದರಿಂದಲೇ ಹೇಳಬೇಕಂತೆ. ನಾನು ಹುಟ್ಟಿದ್ದೇ ಸಗಣಿ ಬಾಚುವ ಮನೆಯಲ್ಲಿ, ನನಗೇನು ಅಸಹ್ಯ? ನಾನೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಬಾಯಮ್ಮ ಮೂಗು ಮುಚ್ಚಿಕೊಂಡು ದೂರ ನಿಂತಿದ್ದಳು.

"ಕೋಳಿ ಮೂಳೆ" ಅಂದಳು ಮೊಮ್ಮಗಳು. ಇನ್ನೊಂದಿಷ್ಟು ಬಿಡಿಸಿದಳು. ಒಂದು ಇಡೀ ಲವಂಗ ಸಿಕ್ಕಿತು. "ಇಂಡಿಯನ್ ಅಡುಗೆ." ಆಮೇಲೆ ಒದ್ದೆ ಮಣ್ಣಿನ ಮೇಲಿನ ಹೆಜ್ಜೆ ನೋಡುತ್ತಾ ಬಗ್ಗಿಕೊಂಡೇ ಹೊರಟಳು. ಗೇಟು ದಾಟಿದಳು, ರಸ್ತೆ ದಾಟಿದಳು, ನೇರ ಬಾಯಮ್ಮನ ಮನೆ ಕಸದ ಡಬ್ಬಿಯ ಮುಂದೆ ನಿಂತಳು.

ಅದು ಈಸ್ಟರಿಗೆ ಮುಂಚಿನ ಉಪವಾಸದ ಕಾಲ. ನಲವತ್ತು ದಿನ ಮಾಂಸ ಮುಟ್ಟುವುದಿಲ್ಲ ಅಂತ ಬಾಯಮ್ಮ ಇಡೀ ರಸ್ತೆಗೆ ಹೇಳಿಕೊಂಡು ಬಂದಿದ್ದಳು.

"ಅದು ನಮ್ಮ ಯಜಮಾನರು ತಿಂದದ್ದು ಮಾರಾಯ್ತಿ, ನಾನು ಮುಟ್ಟಿಯೂ ನೋಡಲಿಲ್ಲ" ಅಂದಳು.

ನಮ್ಮ ಹಿಂದೆಯೇ ಬಂದಿದ್ದ ಹುಬ್ಬಳ್ಳಿ ಅಕ್ಕ ಹೌದೆನ್ನುವ ಹಾಗೆ ತಲೆಯಾಡಿಸಿ ಕೇಳಿದಳು, "ಯಜಮಾನ್ರು ಮಂಗಳೂರಿಂದ ಯಾವಾಗ ಬಂದಾರ್ರಿ? ಇನ್ನೂ ಹದಿನೈದು ದಿನ ಅಂದಿದ್ರಲ್ಲ!"

ಮೂರು ಸಲ

ನಮ್ಮ ಜೀಪು ಅಂದರೆ ಡಬಲ್ ಡೆಕ್ಕರ್ ಬಸ್ಸಿನ ಮೇಲಿನ ಮುಂದಿನ ಸೀಟು. ಅಲ್ಲಿ ಕೂತರೆ ಸಫಾರಿಯ ಹಾಗೇ ಎಲ್ಲ ಕಾಣುತ್ತದೆ. ಹುಡುಗಿ ಫ್ಲಾಸ್ಕು ಹಿಡಿದು, "ಯಾರಿಗಾದರೂ ಟೀ ಬೇಕಾ?" ಅಂತ ಕೇಳಿದಳು. ನಾವು ಮೂವರೂ "ಅಯ್ಯೋ, ಬೇಡ ಬೇಡ" ಅಂದೆವು. ಸರಿ ಅಂತ ಫ್ಲಾಸ್ಕನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೇಬಿಟ್ಟಳು! ಮುಂದಿನ ಆರು ಸ್ಟಾಪು ನಾವು ಹೊರಗೆ ಏನನ್ನೂ ನೋಡಲಿಲ್ಲ. ಆ ಚೀಲವನ್ನೇ ನೋಡಿದೆವು.

ಇಳಿದ ಮೇಲೆ ಹೇಳಿದೆ, "ಒಂದೇ ಸಲ ಕೇಳಿ ಬಿಡ್ತಾರೇನೇ? ಮೂರು ಸಲ ಕೇಳಬೇಕು. ಮೂರನೇ ಸಲ ಲೋಟ ಕೈಗೇ ಕೊಟ್ಟುಬಿಡಬೇಕು."

ವಿಧೇಯ ಹುಡುಗಿ. ಮಾರನೆಯ ದಿನ ಪಕ್ಕದ ಸೀಟಿನಲ್ಲಿ ಯಾರೋ ಬಿಳಿಯ ತಾತ ಕೂತಿದ್ದರು. ಅವರನ್ನೂ ಕೇಳಿದಳು. "ನೋ, ಥ್ಯಾಂಕ್ಯೂ" ಅಂದರು. ಮತ್ತೆ ಕೇಳಿದಳು. "ರಿಯಲಿ, ನೋ" ಅಂದರು. ಮೂರನೆಯ ಸಲ ಲೋಟವನ್ನು ಕೈಗೇ ಇಟ್ಟಳು. ಪಾಪ, ಹೆದರಿ ಒಂದೇ ಗುಟುಕಿಗೆ ಕುಡಿದು, ಮುಂದಿನ ಸ್ಟಾಪಿನಲ್ಲೇ ಇಳಿದು ಓಡಿದರು. ಅವರ ಕೊಡೆ ಇನ್ನೂ ನಮ್ಮ ಮನೆಯಲ್ಲೇ ಇದೆ.

ಪರೀಕ್ಷೆ

ಜೂನ್ ತಿಂಗಳಲ್ಲಿ ಮೇಷ್ಟರು ಬಂದರು. ಎತ್ತರದ ಆಳು, ಲಂಡನ್ನಿನಲ್ಲೂ ಖಾಕಿ ಚಡ್ಡಿ. ಪ್ರವಾಸಿಗಳಾಗಿ ನಾವು ಮೂವರು. ನಾಲ್ಕನೆಯ ಪ್ರವಾಸಿ ಅವರೇ. "ಹೇಳಿದ ಮಾತು ಕೇಳದ ಪ್ರವಾಸಿ ನಾನಾಗಿರುತ್ತೇನೆ, ನಿಭಾಯಿಸು" ಅಂದರು. ನನ್ನ ಸೊಸೆ ಕಾರಿನಲ್ಲೇ ಕೂತಳು, ಅಕ್ಸ್‌ಬ್ರಿಡ್ಜಿನ ಆಫೀಸಿನವರು ಕಳಿಸಿದ್ದ ಕೆಲಸದ ಕಾಗದ ಕೈಯಲ್ಲೇ ಇತ್ತು.

ಜಿಂಕೆ ಪಾರ್ಕಿನೊಳಗೆ ಹುಡುಗಿ ಚೆನ್ನಾಗೇ ನಡೆಸಿದಳು. ಕಡವೆಯಷ್ಟು ದೊಡ್ಡ ಜಿಂಕೆಗಳು ದೂರದಲ್ಲಿ ಮೇಯುತ್ತಿದ್ದವು. ಇನ್ನೇನು ಮುಗಿಯಿತು ಅನ್ನುವಾಗ ಮೇಷ್ಟರು ಸಾಲು ಬಿಟ್ಟು, ಫೋನ್ ಹಿಡಿದು, ಎತ್ತರದ ಹುಲ್ಲಿನ ಕಡೆ ನಡೆದರು.

"ಸಾರಿ ಸರ್, ದಯವಿಟ್ಟು ವಾಪಸ್ ಬರ್ತೀರಾ?" ಅಂದಳು ಹುಡುಗಿ. ಅವರು ಕೇಳಲಿಲ್ಲ. ಆಯಿತು, ಸೋಮವಾರ ಆಫೀಸು ಅಂದುಕೊಂಡೆ ನಾನು.

ಅಷ್ಟರಲ್ಲಿ ಹುಲ್ಲು ಅಲ್ಲಾಡಿತು. ಅವರ ಕಾಲಿನಿಂದ ನಾಲ್ಕು ಹೆಜ್ಜೆ ಆಚೆ ಈಗಷ್ಟೇ ಹುಟ್ಟಿದ ಮರಿ ಮಲಗಿತ್ತು. ಅವರು ಅದನ್ನು ನೋಡಿರಲಿಲ್ಲ. ಅದರ ತಾಯಿ ಅವರನ್ನು ನೋಡಿತ್ತು. ತಲೆ ತಗ್ಗಿಸಿ, ಗೊರಸು ಬಡಿಯುತ್ತಾ ಬಂತು ನೋಡಿ!

ನಮಗೆ ಯಾವತ್ತೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಹೊಟ್ಟೆಯ ಆಳದಿಂದ ಕನ್ನಡದಲ್ಲಿ ಕಿರುಚಿದಳು:

"ಏಯ್! ನಿಂತ್ಕೋ ಅಲ್ಲೇ! ಒಂದು ಹೆಜ್ಜೆ ಇಟ್ರೆ ಕಾಲು ಮುರೀತೀನಿ!"

ಚಿಕ್ಕಂದಿನಲ್ಲಿ ರಸ್ತೆಗೆ ಓಡಿದಾಗೆಲ್ಲ ಅವಳಮ್ಮ ಕೂಗುತ್ತಿದ್ದ ಮಾತು, ಅದೇ ದನಿ. ಮೇಷ್ಟರು ಒಂದು ಕಾಲು ಗಾಳಿಯಲ್ಲಿಟ್ಟುಕೊಂಡೇ ನಿಂತರು. ನಾವು ನಿಂತೆವು. ಜಾಗಿಂಗ್ ಮಾಡುತ್ತಿದ್ದವನು ನಿಂತ, ಸೈಕಲ್ಲಿನವನು ನಿಂತ. ಜಿಂಕೆಯೂ ನಿಂತಿತು. ಕಾರಿನ ಕಿಟಕಿಯಿಂದ ಸೊಸೆ ತಲೆ ಹಾಕಿ, "ಯಾರು ನನ್ನ ಥರ ಕೂಗಿದ್ದು?" ಅಂದಳು.

"ಈಗ ಮೆಲ್ಲಗೆ, ಹಿಂದಕ್ಕೆ" ಅಂದಳು ಹುಡುಗಿ. ಅದೂ ಕನ್ನಡವೇ. ಮೇಷ್ಟರಿಗೆ ಅದರಲ್ಲಿ ಒಂದಕ್ಷರ ಬರದು. ಆದರೂ ಮಗುವಿನ ಹಾಗೆ ಹಿಂದಹಿಂದಕ್ಕೇ ಬಂದು ನನ್ನ ಬೆನ್ನ ಹಿಂದೆ ನಿಂತರು.

ಅಲ್ಲೇ ಹುಲ್ಲಿನ ಮೇಲೆ ಕೂತು ಪಾಸಿನ ಹಾಳೆಗೆ ಸಹಿ ಹಾಕಿದರು. ಸೊಸೆ ಅಕ್ಸ್‌ಬ್ರಿಡ್ಜಿನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿದಳು, ಬಿಸಾಕಲು ಮನಸ್ಸು ಬರಲಿಲ್ಲ. "ಏನದು ನೀನು ಹೇಳಿದ್ದು?" ಅಂತ ಮೇಷ್ಟರು ಕೇಳಿದರು. ನಮ್ಮ ಹುಡುಗಿ ಕೆಂಪಾಗಿ, "ಅದು... ನಮ್ಮ ಕಡೆ ಸುರಕ್ಷತೆಗೆ ಹೇಳುವ ಮಾತು ಸರ್" ಅಂದಳು. ಅವರು ಪುಸ್ತಕ ತೆಗೆದು, ಅಕ್ಷರ ಅಕ್ಷರ ಹೇಳಿಸಿಕೊಂಡು ಬರೆದುಕೊಂಡರು.

ಈಗ ಹುಡುಗಿ ಕ್ಯಾಂಪಿನಲ್ಲಿ ಕೆಲಸದಲ್ಲಿದ್ದಾಳೆ. ಮೊನ್ನೆ ಒಂದು ವಿಡಿಯೋ ಕಳಿಸಿದಳು. ಮೇಷ್ಟರು ಹೊಸ ಗೈಡುಗಳಿಗೆಲ್ಲ ಆ ಮಾತು ಕಲಿಸಿಬಿಟ್ಟಿದ್ದಾರೆ. ಆರಡಿ ಎತ್ತರದ ಹುಡುಗನೊಬ್ಬ ಜೀಪಿನ ಮುಂದೆ ನಿಂತು, ಬಿಳಿ ಟೋಪಿಯ ಪ್ರವಾಸಿಗರಿಗೆ ಕೈ ಮುಗಿದು, ನಗುನಗುತ್ತಾ, ಬಲು ಮರ್ಯಾದೆಯಿಂದ ಹೇಳುತ್ತಿದ್ದಾನೆ: "ಕಾಲು ಮುರೀತೀನಿ."

ಅವರೆಲ್ಲ ಸಾಲಾಗಿ ಕೈ ಮುಗಿದು "ಥ್ಯಾಂಕ್ಯೂ, ಥ್ಯಾಂಕ್ಯೂ" ಅನ್ನುತ್ತಿದ್ದಾರೆ.