ತಲೆನೋವಿಗೆ ಫಿಟ್ಸಿನ ಮಾತ್ರೆ

ಅರ್ಥವಾಗದಿದ್ದರೂ ಅರ್ಥವಾದಂತೆ ತಲೆದೂಗುವುದೇ, ನಮ್ಮ ಮನೆತನದ ಮೊದಲ ಪದವೀಧರನಾದ ನಾನು ಕಾಲೇಜಿನಲ್ಲಿ ಸಂಪೂರ್ಣವಾಗಿ ಕರಗತ ಮಾಡಿಕೊಂಡ ವಿದ್ಯೆ. ವಾರಕ್ಕೆರಡು ಬಾರಿ ಅರ್ಧ ತಲೆಯನ್ನಷ್ಟೇ ಹಿಂಡುವ ನೋವಿಗಾಗಿ ಸಕಲೇಶಪುರದ ವೈದ್ಯರಲ್ಲಿಗೆ ಹೋದಾಗಲೂ ಅದನ್ನೇ ಪ್ರಯೋಗಿಸಿದೆ. "ಇದು ನೋವು ಬಂದಾಗ ನುಂಗುವ ಮಾತ್ರೆಯಲ್ಲ, ಬಾರದಂತೆ ದಿನವೂ ತೆಗೆದುಕೊಳ್ಳಬೇಕು. ಮೂಲತಃ ಬೇರೆ ಕಾಯಿಲೆಯದು," ಎಂದರು. ಯಾವ ಕಾಯಿಲೆಯೆಂದು ಕೇಳಿದರೆ ಹೈಸ್ಕೂಲು ಮೇಷ್ಟರಾದ ನನ್ನ ಘನತೆಗೆ ಕುಂದೆಂದು ಭಾವಿಸಿ, "ಯೆಸ್ ಸರ್" ಎಂದು ಎದ್ದು ಬಂದೆ.

ಅಂದು ಅಲ್ಲಿನ ಔಷಧಿ ಅಂಗಡಿಯಲ್ಲಿ ಆ ಮಾತ್ರೆ ಇರಲಿಲ್ಲ. ನಮ್ಮೂರು ಹಾನುಬಾಳಿಗೆ ಔಷಧಿ ಬರುವುದು ದಿನವೂ ಸಕಲೇಶಪುರಕ್ಕೆ ಹೋಗಿಬರುವ ಬಾಡಿಗೆ ಜೀಪಿನಲ್ಲೇ ಆದ್ದರಿಂದ, ಮರುದಿನ ಚೀಟಿಯನ್ನು ಡ್ರೈವರ್ ರಾಜಣ್ಣನಿಗೆ ಕೊಟ್ಟೆ. ಸಂಜೆ ಅವನು ಕಿಕ್ಕಿರಿದ ಜೀಪಿನಿಂದಲೇ ಪೊಟ್ಟಣವನ್ನು ಎತ್ತಿ ಹಿಡಿದು ಕೂಗಿದ: "ಮೇಷ್ಟ್ರೇ, ನಿಮ್ಗೆ ಫಿಟ್ಸ್ ಐತೆ ಅಂತ ಹೇಳ್ಲೇ ಇಲ್ವಲ್ಲ ಮಾರಾಯ್ರೇ! ಅಂಗಡಿಯೋರೇ ಅಂದ್ರು, ಇದು ಫಿಟ್ಸಿನ ಮಾತ್ರೆ ಅಂತ." ಜೀಪಿನಲ್ಲಿದ್ದವರ ಪೈಕಿ ಒಬ್ಬರು, ನನ್ನ ಮದುವೆಯ ಮಾತುಕತೆ ನಡೆದಿದ್ದ ಮಾರನಹಳ್ಳಿಯ ಹುಡುಗಿಯ ಸೋದರಮಾವ.

ನನಗೇ ಸಂಶಯ ಹುಟ್ಟಿತು. ವೈದ್ಯರು ಏನನ್ನಾದರೂ ಮರೆಮಾಚಿದರೇ? ನನಗೆ ತಿಳಿಯದಂತೆ ನಾನು ಎಲ್ಲಾದರೂ ಬೀಳುತ್ತಿದ್ದೇನೆಯೇ? ತರಗತಿಯಲ್ಲಿ ಸೀಮೆಸುಣ್ಣ ಕೈಜಾರಿದರೂ ಮಕ್ಕಳ ಮುಖ ನೋಡುವಂತಾಯಿತು.

ಭಾನುವಾರ ಸೋದರಮಾವ ಮನೆಗೇ ಬಂದರು. ಹೆದರಿಕೆಗೆ ನನ್ನ ಕೈಯ ಕಾಫಿ ಲೋಟ ನಡುಗಿತು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದು ನಮ್ಮ ಕಡೆಯ ಪದ್ಧತಿ. ಅವರು ತಟ್ಟನೆ ತಮ್ಮ ಬೀಗದ ಕೈ ಗೊಂಚಲನ್ನು ನನ್ನ ಮುಷ್ಟಿಗೆ ತುರುಕಿ, "ಬಿಗಿಯಾಗಿ ಹಿಡ್ಕಳಿ!" ಎಂದರು. ಹಿರಿಯರು ಕೊಟ್ಟದ್ದನ್ನು ಬೇಡವೆನ್ನುವುದು ಅಸಭ್ಯತೆಯಲ್ಲವೇ? ಧನ್ಯವಾದ ಹೇಳಿ ಹಿಡಿದುಕೊಂಡೆ. ಅನಂತರ, ವೈದ್ಯರು ಹೇಳಿದ್ದನ್ನು ನೆನೆದು, "ಅನ್ಯರೋಗಕ್ಕಾಗಿ ರೂಪಿತವಾದ ಔಷಧವು ಶಿರೋವೇದನೆಗೆ ಪ್ರತಿಬಂಧಕವಾಗಿಯೂ..." ಎಂದು ವಿವರಿಸತೊಡಗಿದೆ.

"ಅಯ್ಯೋ, ಬಡಬಡಿಸ್ತಾ ಅವ್ರೆ, ಬಂದೇಬುಡ್ತು!" ಎಂದು ಅವರು ನನ್ನ ಇನ್ನೊಂದು ಕೈಯನ್ನೂ ಹಿಡಿದರು.

ನಾಲ್ಕನೆಯ ತರಗತಿಯನ್ನೂ ದಾಟದ ಅಪ್ಪ ಆಗ ಬಾಯಿಬಿಟ್ಟರು: "ಬುಡ್ರೀ ಅವ್ನ ಕೈಯ. ಕಾಫಿಗಿಡಕ್ಕೆ ಅಂತ ಸುಣ್ಣ, ಮೈಲುತುತ್ತ ಕಲಸಿದ ಬೋರ್ಡೋ ಔಷಧೀನೇ ಅಲ್ವಾ ಮೆಣಸಿನ ಬಳ್ಳಿಗೂ ಹೊಡಿಯೋದು? ಅದ್ಕೇ ಬಳ್ಳೀನ ಕಾಫಿಗಿಡ ಅಂತೀವಾ? ಅದೂ ರೋಗ ಬರೋಕ್ಮುಂಚೇನೇ ಹೊಡೀತೀವಿ. ಇವ್ನ ತಲೆನೋವಿನ ಮಾತ್ರೇನೂ ಹಂಗೇ ಕಣ್ರೀ."

"ಇಷ್ಟೇನಾ! ಮೇಷ್ಟ್ರು ಹಿಂಗೆ ಹೇಳಿದ್ರೆ ನಂಗೂ ತಿಳೀತಿತ್ತು," ಎಂದು ಸೋದರಮಾವ ನಕ್ಕರು. ಮದುವೆ ನಿಶ್ಚಯವಾಯಿತು. ಹೊರಡುವಾಗ ಮಾತ್ರ ಗೊಂಚಲಿನಿಂದ ಒಂದು ತುಕ್ಕು ಹಿಡಿದ ಬೀಗದ ಕೈಯನ್ನು ಬಿಡಿಸಿ, "ಯಾವುದಕ್ಕೂ ಇಟ್ಕಳಿ," ಎಂದು ಕೊಟ್ಟರು.

ಈಗ ತಲೆನೋವು ಅಪರೂಪಕ್ಕೊಮ್ಮೆ ಬರುತ್ತದೆ. ಮೊನ್ನೆ ವೈದ್ಯರು, "ಮಾತ್ರೆಯಿಂದಲೇ ಗುಣ ಕಂಡಿತಲ್ಲವೇ?" ಎಂದು ಕೇಳಿದರು. ನಾನು ಜೇಬಿನೊಳಗಿನ ಬೀಗದ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, "ಯೆಸ್ ಸರ್" ಎಂದೆ.